ದರ್ಜಿಯೂ ಅಕ್ಕನ ಮುಖವೂ

"ಗುರುಗಳೇ, ಫೋಟೋ ತೆಗೆಯುವುದನ್ನು ಚೆನ್ನಾಗಿ ಕಲಿಯಬೇಕು ಅಂತ ಮನಸ್ಸಾಗಿದೆ. ಇರುವ ಈ ಪುಟಾಣಿ ಕ್ಯಾಮೆರಾ ಸಾಕೋ, ದೊಡ್ಡದು ಕೊಳ್ಳಲೋ?"

ಕೇಳಿದವನು ತಿಪ್ಪೇಶ. ಬಸ್ಸಿನಲ್ಲಿ ಕಂಡಕ್ಟರಾಗಿದ್ದು ಸೇವೆ ಮುಗಿಸಿದವನು. ಇನ್ನು ಮೇಲೆ ನನ್ನ ಖುಷಿಗೂ ಒಂದು ವಿದ್ಯೆ ಇರಲಿ ಎಂದು ಕ್ಯಾಮೆರಾ ಹಿಡಿದವನು. ಗುರುಗಳು ಓಂಕಾರಪ್ಪನವರು. ಹಿಂದೆ ಸ್ಟುಡಿಯೋ ನಡೆಸುತ್ತಿದ್ದವರು. ಈಗ ಭಾನುವಾರ ಬೆಳಿಗ್ಗೆ ತಮ್ಮ ಮನೆಯ ಜಗಲಿಯಲ್ಲಿ ಕೂತು, ಬಂದವರಿಗೆ ತಿಳಿದದ್ದನ್ನು ಹೇಳಿಕೊಡುವವರು.

ತಿಪ್ಪೇಶ ಕ್ಯಾಮೆರಾದಲ್ಲಿದ್ದ ಮೊಮ್ಮಗಳ ಚಿತ್ರಗಳನ್ನು ತೋರಿಸಿದ. ಒಂದು ಮಸುಕು. ಇನ್ನೊಂದು ಕಪ್ಪು. ಮತ್ತೊಂದರಲ್ಲಿ ಮಗುವೇ ಇಲ್ಲ, ತೊಟ್ಟಿಲ ಹಗ್ಗ ಮಾತ್ರ ಇದೆ.

"ನೋಡಿ, ಹೀಗೆ ಬರುತ್ತೆ. ನೀವು ದೊಡ್ಡದು ತಗೋ ಅಂದರೆ ಇವತ್ತೇ ತಗೋತೀನಿ. ಬೇಡ ಅಂದರೆ ಈ ಹುಚ್ಚು ಇಲ್ಲಿಗೇ ಬಿಡ್ತೀನಿ."

ಗುರುಗಳು ಎಲ್ಲವನ್ನೂ ನೋಡಿದರು. ಕ್ಯಾಮೆರಾವನ್ನು ಅವನ ಕೈಗೇ ಹಿಂದಕ್ಕೆ ಕೊಟ್ಟರು.

"ಕೂತ್ಕೋ. ಒಬ್ಬ ದರ್ಜಿಯ ಕತೆ ಹೇಳ್ತೀನಿ" ಎಂದರು.

ಒಂದು ಪೇಟೆಯಲ್ಲಿ ಒಬ್ಬ ದರ್ಜಿ ಇದ್ದ. ಮುಂದೆ ಅಂಗಡಿ, ಹಿಂದೆ ಮನೆ. ಮನೆಯಲ್ಲಿ ಅವನು ಮತ್ತು ಅವನ ಅಕ್ಕ. ಅವನಿಗೆ ಇನ್ನೂ ಹಾಲುಹಲ್ಲು ಮೂಡುವ ಮೊದಲೇ ತಾಯಿ ತೀರಿಕೊಂಡಿದ್ದಳು. ಎತ್ತಿ ಆಡಿಸಿ, ಗದರಿಸಿ, ಉಣ್ಣಿಸಿ ದೊಡ್ಡವನನ್ನು ಮಾಡಿದವಳು ಅಕ್ಕನೇ. ಈಗ ಅವಳು ಅಂಗಡಿಗೆ ಬಂದ ರವಿಕೆಗಳಿಗೆ ಹುಕ್ಕು ಹಾಕಿಕೊಡುತ್ತಿದ್ದಳು.

ದರ್ಜಿ ಕೆಲಸದಲ್ಲಿ ಗಟ್ಟಿಗ. ಆದರೆ ಮನುಷ್ಯರ ಮುಖ ಅವನಿಗೆ ನೆನಪಿರುತ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ ನಮಸ್ಕಾರ ಅಂದರೆ ಮೊದಲು ಕಾಲರು ನೋಡುತ್ತಿದ್ದ. ತಾನು ಹೊಲಿದ ಅಂಗಿಯಾದರೆ ಹೆಸರು ಹಿಡಿದು ಮಾತಾಡಿಸುತ್ತಿದ್ದ. ಬೇರೆಯವರು ಹೊಲಿದದ್ದಾದರೆ ಸುಮ್ಮನೆ ನಗುತ್ತಿದ್ದ.

ಒಂದು ದಿನ ಅಕ್ಕನ ಗುರುತಿನ ಚೀಟಿ ಬಂತು. ಅದರಲ್ಲಿನ ಫೋಟೋ ನೋಡಿ ಅಕ್ಕ ಚೀಟಿಯನ್ನೇ ತಿರುಗಿಸಿ ಹಿಡಿದಳು.

"ಯಾರೋ ಇವಳು? ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗಿದ್ದಾಳೆ. ನಾಳೆ ನಾನು ಹೋದ ಮೇಲೆ ಗೋಡೆಗೆ ಇವಳನ್ನೇ ನೇತುಹಾಕ್ತೀಯಾ?"

ದರ್ಜಿ ನಕ್ಕ. ಆಮೇಲೆ ಮನೆಯೆಲ್ಲ ಹುಡುಕಿದ. ಅಕ್ಕನ ಚಿತ್ರ ಇನ್ನೊಂದು ಇರಲಿಲ್ಲ. ತಾಯಿಯದಂತೂ ಮೊದಲೇ ಇರಲಿಲ್ಲ. ಅವನ ನಗು ಅಲ್ಲಿಗೇ ನಿಂತಿತು. ಅಕ್ಕ ನಗುವ ಒಂದು ಚಿತ್ರ ಈ ಮನೆಯಲ್ಲಿ ಇರಬೇಕು, ಅದನ್ನು ನಾನೇ ತೆಗೆಯಬೇಕು ಎಂದು ನಿಶ್ಚಯ ಮಾಡಿಕೊಂಡ. ಪೇಟೆಯಲ್ಲಿ ಕ್ಯಾಮೆರಾ ಮಾರುವ ವ್ಯಾಪಾರಿಯ ಹತ್ತಿರ ಹೋಗಿ ಒಂದು ಸಣ್ಣ ಕ್ಯಾಮೆರಾ ತಂದ.

ಅಕ್ಕ ಪೆಟ್ಟಿಗೆಯ ತಳದಿಂದ ರೇಷ್ಮೆ ಸೀರೆ ತೆಗೆದು ಉಟ್ಟಳು. ಕಿಟಕಿಯ ಮುಂದೆ ನಿಂತಳು. ದರ್ಜಿ ಬಾಯಿಗೆ ರೂಢಿಯಾದ ಮಾತನ್ನೇ ಅಂದ: "ನೆಟ್ಟಗೆ ನಿಲ್ಲು. ಭುಜ ಇಳಿಸು. ಅಲುಗಾಡಬೇಡ." ಅಳತೆ ಕೊಡುವವರಿಗೆ ಜನ್ಮವಿಡೀ ಹೇಳಿದ್ದು ಇದೇ ಅಲ್ಲವೇ? ಅಕ್ಕ ಉಸಿರು ಬಿಗಿಹಿಡಿದು ದೀಪದ ಕಂಬದ ಹಾಗೆ ನಿಂತಳು. ಹಿಂದಿನ ಕಿಟಕಿಯ ಬೆಳಕಿಗೆ ಅವಳ ಮುಖ ಬಾಣಲೆಯ ತಳದಂತೆ ಕಪ್ಪಾಗಿ ಬಂತು. ಫ್ಲ್ಯಾಶ್ ಹಾಕಿದ. ಆಗ ಅಕ್ಕಿಹಿಟ್ಟು ಮೆತ್ತಿದಂತೆ ಬಿಳಿಚಿಕೊಂಡಿತು. ಬಾಗಿಲಿಗೆ ಕರೆದು ನಿಲ್ಲಿಸಿದ. ಮುಖ ಮಸುಕು. ನಗಿಸಲು ಹೋದ. ಮುಂದಿನ ಹಲ್ಲು ಬಿದ್ದ ಮೇಲೆ ಅಕ್ಕನಿಗೆ ಒಂದು ಅಭ್ಯಾಸ. ನಗು ಬಂದ ಕೂಡಲೇ ಸೆರಗು ಬಾಯಿಗೆ ಹೋಗುತ್ತಿತ್ತು. ಚಿತ್ರದಲ್ಲಿ ಸೆರಗು ಬಂತು, ನಗು ಬರಲಿಲ್ಲ.

ದರ್ಜಿ ವ್ಯಾಪಾರಿಯ ಬಳಿಗೆ ಹೋದ. ವ್ಯಾಪಾರಿ ಕೆಟ್ಟವನಲ್ಲ, ಕೇಳಿದ್ದನ್ನು ಕೊಡುವವನು. ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ ಕೊಟ್ಟ, ಅದರ ಮೂತಿಗೆ ಒಂದು ದಪ್ಪ ಲೆನ್ಸ್ ಕೊಟ್ಟ. "ಇದರಲ್ಲಿ ನೀವು ಎಲ್ಲಿ ಗುರಿ ಇಡ್ತೀರೋ ಅದು ಗಾಜಿನ ಹಾಗೆ ಬರುತ್ತೆ, ಮಾಸ್ಟರೇ. ಉಳಿದದ್ದೆಲ್ಲ ಮಂಜು ಮಂಜು" ಎಂದ. ಮೂರು ಕಾಲಿನ ಒಂದು ಸ್ಟ್ಯಾಂಡನ್ನೂ ಕೊಟ್ಟ.

ಒಳಗೆ ಬಂದ ಸ್ಟ್ಯಾಂಡನ್ನು ಅಕ್ಕ ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಅಂತೂ ಮನೆಗೆ ಒಬ್ಬ ಅಳಿಯನನ್ನು ತಂದೆಯಪ್ಪ. ಎರಡು ಕಾಲಿನವನು ಸಿಗಲಿಲ್ವಾ?"

ದರ್ಜಿ ಹತ್ತಿರ ನಿಂತು ಒಂದು ಚಿತ್ರ ತೆಗೆದ. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದ. ಅಕ್ಕನ ಭುಜದ ಮೇಲಿನ ಸೀರೆಯ ಅಂಚು ಎಳೆ ಎಳೆಯಾಗಿ ಕಾಣುತ್ತಿತ್ತು. ರವಿಕೆಯ ತೋಳಿನ ಹೊಲಿಗೆ ಒಂದೊಂದೂ ಎಣಿಸುವಂತಿತ್ತು. ಮುಖ ಮಾತ್ರ ಮೊದಲಿಗಿಂತಲೂ ಮಂಜಾಗಿತ್ತು.

ಅಕ್ಕ ಇಣುಕಿ ನೋಡಿದಳು. "ತಮ್ಮಾ, ನಿಜ ಹೇಳು. ಇದು ನನ್ನ ಫೋಟೋನಾ, ರವಿಕೆ ಫೋಟೋನಾ?"

ದರ್ಜಿ ಹಳೆಯ ಚಿತ್ರಗಳನ್ನೆಲ್ಲ ಮತ್ತೆ ತೆಗೆದು ನೋಡಿದ. ಎಲ್ಲದರಲ್ಲೂ ಅದೇ. ಕ್ಯಾಮೆರಾದ ಗುಂಡಿಯನ್ನು ಅರ್ಧ ಒತ್ತಿದರೆ ಪರದೆಯ ಮೇಲೆ ಒಂದು ಹಸಿರು ಚೌಕ ಬರುತ್ತದೆ. ಆ ಚೌಕ ಎಲ್ಲಿ ಕೂರುತ್ತದೋ ಅದು ಸ್ಪಷ್ಟ. ಅದನ್ನು ಕೂರಿಸುವವರು ನಾವು. ಈ ದರ್ಜಿ ಪ್ರತಿ ಸಲವೂ, ತನಗೇ ಗೊತ್ತಿಲ್ಲದೆ, ಅದನ್ನು ಹೊಲಿಗೆಯ ಮೇಲೆ ಕೂರಿಸಿದ್ದ. ಸಣ್ಣ ಕ್ಯಾಮೆರಾ ಅದನ್ನು ಅಷ್ಟಿಷ್ಟು ಮುಚ್ಚಿಟ್ಟಿತ್ತು. ದೊಡ್ಡ ಲೆನ್ಸ್ ಬಯಲು ಮಾಡಿತು.

ಅವನಿಗೆ ಅಳು ಬಂದ ಹಾಗಾಯಿತು. "ಈ ವಿದ್ಯೆ ನನಗೆ ಹತ್ತುವುದಿಲ್ಲ ಅಕ್ಕಾ. ಇದನ್ನೆಲ್ಲ ಯಾರಿಗಾದರೂ ಕೊಟ್ಟುಬಿಡ್ತೀನಿ" ಎಂದ.

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು. "ನೀನು ಹೊಲಿಗೆಗೆ ಸೇರಿದಾಗ ನಿನ್ನ ಮೇಷ್ಟ್ರು ಮೊದಲು ಕೈಗೆ ಏನು ಕೊಟ್ಟರು?"

"ಚಿಂದಿ."

"ಗಿರಾಕಿ ಬಟ್ಟೆ ಮುಟ್ಟಿಸಿದರಾ?"

"ಎಲ್ಲಿ ಮುಟ್ಟಿಸ್ತಾರೆ! ಚಿಂದಿ ಮೇಲೆ ಕಾಜಾ ಹೊಲಿ ಅಂದರು. ಹೊಲಿದರೆ ನೋಡಿ, ಬಿಚ್ಚು ಅಂದರು. ಬಿಚ್ಚಿದರೆ ಮತ್ತೆ ಹೊಲಿ ಅಂದರು. ದಿನಾ ಮನೆಗೆ ಬಂದು ನಿನ್ನ ಮಡಿಲಲ್ಲಿ ಅಳ್ತಿದ್ದೆನಲ್ಲ."

"ಅಳ್ತಿದ್ದೆ. ಬೆಳಿಗ್ಗೆ ಎದ್ದು ಮತ್ತೆ ಹೋಗ್ತಿದ್ದೆ. ಈಗ ಈ ಯಂತ್ರ ತಂದ ದಿನವೇ ನನ್ನನ್ನು ರೇಷ್ಮೆ ಉಡಿಸಿ ನಿಲ್ಲಿಸಿದೆಯಲ್ಲ, ನಿನ್ನ ಚಿಂದಿ ಎಲ್ಲಿ?"

ದರ್ಜಿ ಅಕ್ಕನ ಮುಖ ನೋಡಿದ. ಅವಳು ಸೂಜಿ ನೋಡುತ್ತಿದ್ದಳು.

ಮರುದಿನದಿಂದ ಅವನು ಚಿಂದಿ ಚಿತ್ರ ತೆಗೆಯಲು ಶುರುಮಾಡಿದ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದವನೇ, ಮೊದಲ ಗಿರಾಕಿ ಬರುವವರೆಗೂ ಕ್ಯಾಮೆರಾ ಹಿಡಿಯುತ್ತಿದ್ದ. ಕತ್ತರಿಯ ಚಿತ್ರ. ಇಸ್ತ್ರಿ ಪೆಟ್ಟಿಗೆಯ ಚಿತ್ರ. ಎದುರುಮನೆಯ ಮೆಟ್ಟಿಲು. ಅಂಗಡಿಯಲ್ಲೇ ಬಿದ್ದುಕೊಂಡಿರುತ್ತಿದ್ದ ಬೆಕ್ಕು. ತೆಗೆಯುವುದು, ನೋಡುವುದು, ಎಲ್ಲಿ ಕೆಟ್ಟಿತು ಎಂದು ಬಾಯಿಬಿಟ್ಟು ತನಗೆ ತಾನೇ ಹೇಳಿಕೊಳ್ಳುವುದು, ಅಳಿಸುವುದು. ಮತ್ತೆ ತೆಗೆಯುವುದು. ಬಿಚ್ಚಿದ ಚಿಂದಿಯಲ್ಲಿ ತೂತಾದರೂ ಉಳಿಯುತ್ತದೆ. ಅಳಿಸಿದ ಚಿತ್ರದಲ್ಲಿ ಅದೂ ಉಳಿಯುವುದಿಲ್ಲ. ಇಷ್ಟು ಅಗ್ಗದ ಚಿಂದಿ ಯಾವ ಮೇಷ್ಟ್ರು ಕೊಟ್ಟಾರು ಎಂದು ಅವನಿಗೇ ನಗು ಬಂತು.

ಗಿರಾಕಿಗಳು ಬಿಡುತ್ತಾರೆಯೇ? "ಏನ್ ಮಾಸ್ಟರೇ, ನನ್ನ ಅಂಗಿ ಹೊಲೀತೀರೋ, ಬೆಕ್ಕಿಗೆ ಕೋಟು ಹೊಲೀತೀರೋ?" ಎಂದರು.

"ಅದು ನಿಮ್ಮ ಹಾಗಲ್ಲ, ಅಳತೆಗೆ ನಿಲ್ಲೋದೇ ಇಲ್ಲ" ಎಂದು ದರ್ಜಿ ಇನ್ನೊಂದು ತೆಗೆದ.

ದಿನ ಕಳೆದಂತೆ ಒಂದೊಂದೇ ತಿಳಿಯಿತು. ಕಿಟಕಿ ಅಕ್ಕನ ಬೆನ್ನಿಗಲ್ಲ, ಅಕ್ಕನ ಪಕ್ಕಕ್ಕಿರಬೇಕು. ಮಧ್ಯಾಹ್ನದ ಬೆಳಕು ಗದರುತ್ತದೆ, ಬೆಳಗಿನದು ಸವರುತ್ತದೆ. ಮೊಣಕೈ ಪಕ್ಕೆಗೆ ಒತ್ತಿಕೊಂಡು ಅರ್ಧ ಉಸಿರು ಬಿಟ್ಟರೆ ಮೂರು ಕಾಲಿನ ಅಳಿಯ ಬೇಕಾಗುವುದಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಆ ಹಸಿರು ಚೌಕ. ಬೆಕ್ಕಿಗೆ ಗುಂಡಿಯೂ ಇಲ್ಲ, ಕಾಲರೂ ಇಲ್ಲ. ಅದರ ಕಣ್ಣು ನೋಡದೆ ಬೇರೆ ದಾರಿಯೇ ಇರಲಿಲ್ಲ. ಚೌಕ ಬೆಕ್ಕಿನ ಕಣ್ಣಿನ ಮೇಲೆ ಕೂರುವಂತಾದ ಮೇಲೆ, ಅಂಗಡಿಗೆ ಬಂದವರನ್ನು ಕೇಳಿ ಅವರ ಚಿತ್ರ ತೆಗೆದ. ಕೈ ಹಳೆಯ ಚಾಳಿಯಂತೆ ಕಾಲರಿಗೆ ಇಳಿಯುತ್ತಿತ್ತು. "ಕಣ್ಣು, ಕಣ್ಣು" ಎಂದು ಗೊಣಗುತ್ತ ಮೇಲಕ್ಕೆ ಎತ್ತುತ್ತಿದ್ದ. ಒಬ್ಬನ ಅಂಗಿ ತಾನೇ ಹೊಲಿದದ್ದೆಂದು ಅವನು ದುಡ್ಡು ಕೊಡುವಾಗ ಗೊತ್ತಾಯಿತು. ಅಷ್ಟು ಹೊತ್ತೂ ದರ್ಜಿ ಅವನ ಹುಬ್ಬಿನ ಮೇಲಿನ ಗಾಯದ ಗುರುತು ನೋಡುತ್ತಿದ್ದ. ಅವತ್ತು ದರ್ಜಿಗೆ ರಾತ್ರಿ ಊಟ ರುಚಿಸಿತು.

ವ್ಯಾಪಾರಿ ಒಮ್ಮೆ ಪ್ಯಾಂಟಿನ ಬಟ್ಟೆ ಕೊಡಲು ಬಂದ. "ಹೊಸ ಲೆನ್ಸ್ ಬಂದಿದೆ, ನಿಮಗೆಂದೇ ಎತ್ತಿಟ್ಟಿದ್ದೀನಿ" ಎಂದ.

"ಇರಲಿ ಸ್ವಾಮಿ, ನನ್ನ ಚಿಂದಿ ಇನ್ನೂ ಮುಗಿದಿಲ್ಲ" ಎಂದ ದರ್ಜಿ.

ಅಕ್ಕನನ್ನು ಮಾತ್ರ ಅವನು ಅಷ್ಟು ದಿನವೂ ನಿಲ್ಲಿಸಲಿಲ್ಲ. ಅಕ್ಕನೂ ಕೇಳಲಿಲ್ಲ. ಕ್ಯಾಮೆರಾ ಇರುವುದನ್ನೇ ಅವಳು ಮರೆತಳು, ಅದೂ ಕತ್ತರಿಯ ಹಾಗೆ ಅಂಗಡಿಯ ಒಂದು ಸಾಮಾನಾಯಿತು.

ಒಂದು ಬೆಳಿಗ್ಗೆ ಅಕ್ಕ ಅಂಗಡಿಯ ಕಿಟಕಿಯ ಪಕ್ಕ ಕೂತು ಹುಕ್ಕು ಹಾಕುತ್ತಿದ್ದಳು. ದರ್ಜಿ ಎಂದಿನಂತೆ ಬೆಕ್ಕಿನ ಹಿಂದೆ ಬಿದ್ದಿದ್ದ. ಬೆಕ್ಕಿಗೆ ಏನನ್ನಿಸಿತೋ, ಮೇಜಿನ ಮೇಲೆ ಇಳಿಬಿದ್ದಿದ್ದ ಅಳತೆ ಟೇಪಿನ ತುದಿಯನ್ನು ಬಾಯಲ್ಲಿ ಕಚ್ಚಿ ಹಾರಿತು. ಟೇಪಿನ ಇನ್ನೊಂದು ತುದಿ ದರ್ಜಿಯ ಕೊರಳಿಗೆ ಸುತ್ತಿಕೊಂಡಿತ್ತು. ಅವನು ಒಂದು ಹೆಜ್ಜೆ ಮುಗ್ಗರಿಸಿದ.

"ಅಯ್ಯೋ, ಬೆಕ್ಕು ನಿನ್ನ ಅಳತೆ ತಗೊಳ್ತೋ!" ಎಂದು ಅಕ್ಕ ನಕ್ಕಳು.

ಅವಳ ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಬಟ್ಟೆ. ಸೆರಗು ಎತ್ತಲು ಕೈ ಇರಲಿಲ್ಲ. ನಗು ಪೂರ್ತಿ ಹೊರಗೆ ಬಂತು. ದರ್ಜಿ ಕೊರಳಲ್ಲಿ ಟೇಪು ಇದ್ದ ಹಾಗೇ, ಮೊಣಕೈ ಪಕ್ಕೆಗೆ ಒತ್ತಿ, ಚೌಕವನ್ನು ಅಕ್ಕನ ಕಣ್ಣಿಗೆ ಕೂರಿಸಿ, ಒಂದೇ ಸಲ ಒತ್ತಿದ. ಪರದೆ ನೋಡಿಕೊಳ್ಳಲಿಲ್ಲ. ಅಕ್ಕ ನಗು ಮುಗಿಸುವವರೆಗೂ ಅಕ್ಕನನ್ನೇ ನೋಡುತ್ತ ನಿಂತಿದ್ದ.

ಚಿತ್ರ ಕಾಗದದ ಮೇಲೆ ಅಚ್ಚಾಗಿ ಬಂದ ದಿನ ಅಕ್ಕನ ಕೈಗೆ ಕೊಟ್ಟ. ಏನಾದರೂ ಚುಚ್ಚುಮಾತು ಬರುತ್ತದೆಂದು ಕಾದ. ಅಕ್ಕ ಬಹಳ ಹೊತ್ತು ನೋಡಿದಳು. ಬೆರಳಿನಿಂದ ಚಿತ್ರದ ಕೆನ್ನೆ ಮುಟ್ಟಿದಳು.

"ಅವ್ವ ಹೀಗೇ ನಗ್ತಿದ್ದಳು ಕಣೋ" ಎಂದಳು. "ನೀನು ಅವ್ವ ಹೇಗಿದ್ದಳು ಅಂತ ಕೇಳಿದಾಗೆಲ್ಲ ನನಗೆ ಹೇಳೋಕೆ ಬರ್ತಿರಲಿಲ್ಲ. ತಗೋ, ನೋಡ್ಕೋ. ಹೀಗಿದ್ದಳು."

ದರ್ಜಿ ಆ ಚಿತ್ರವನ್ನು ನಡುಮನೆಯ ಗೋಡೆಗೆ ಹಾಕಿದ. ಮೊಳೆ ಹೊಡೆಯುವಾಗ ಅಕ್ಕ ಕೆಳಗಿನಿಂದ ಕೂಗಿ ಹೇಳಿದಳು: "ಈಗಲೇ ಹಾರ ಗೀರ ಹಾಕಿದೆಯೋ, ಕೈ ಮುರೀತೀನಿ!"

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ತಿಪ್ಪೇಶ ತನ್ನ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ತಿರುಗಿಸಿ ನೋಡಿಕೊಂಡ. ತೊಟ್ಟಿಲ ಹಗ್ಗದ ಚಿತ್ರ ನೆನಪಾಗಿ ಸ್ವಲ್ಪ ನಾಚಿಕೆಯೂ ಆಯಿತು. ಆದರೂ ಮನಸ್ಸು ತಡೆಯಲಿಲ್ಲ.

"ನೀವು ಆ ದರ್ಜಿಯನ್ನು ನೋಡಿದ್ದೀರಾ, ಗುರುಗಳೇ?"

"ನೋಡಿದ್ದೀನಿ. ಅವನ ಅಂಗಡಿಯಲ್ಲಿ ಕೂತು ಕಾಫಿ ಕುಡಿದಿದ್ದೀನಿ."

"ಹಾಗಾದರೆ ಒಂದು ಹೇಳಿ. ಆ ಚಿತ್ರ ಚಿಕ್ಕ ಕ್ಯಾಮೆರಾದಲ್ಲಿ ತೆಗೆದದ್ದೋ, ದೊಡ್ಡದರಲ್ಲೋ?"

"ಅದು ನಾನು ಕೇಳಲಿಲ್ಲಪ್ಪ, ಚಿತ್ರದಲ್ಲಿ ಅಕ್ಕ ಉಟ್ಟಿರುವ ಸೀರೆ ಯಾವ ಬಣ್ಣದ್ದು ಅಂತ ಕೇಳಿದೆ, ದರ್ಜಿ ಎದ್ದು ಒಳಗೆ ಹೋಗಿ, ನೋಡಿಕೊಂಡು ಬಂದು ಹೇಳಿದ."