ಕುಕ್ಕರ್ ಮೇಲಿನ ಆಣೆ

ಚುನಾವಣೆಗೆ ನಿಂತಿದ್ದ ಮರಿಗಂಗಪ್ಪನವರು ಅಂದು ಸಂಜೆ ಭಾಷಣ ಮಾಡಿ ಇಡೀ ಬೀದಿಯ ಜೀವ ಬಾಯಿಗೆ ತಂದರು. "ಉಗ್ರರು ಎಲ್ಲೆಲ್ಲೂ ಇದ್ದಾರೆ. ಬ್ಯಾಗಲ್ಲಿ ಬಾಂಬು, ಕುಕ್ಕರಲ್ಲಿ ಬಾಂಬು. ಯಾರು ಏನು ಕೊಟ್ಟರೂ ಮುಟ್ಟಬೇಡಿ, ಪೊಲೀಸರಿಗೆ ಹೇಳಿ. ನಾನು ಗೆದ್ದರೆ ಮಾತ್ರ ನೀವು ಉಳೀತೀರಿ."

ಮರುದಿನ ಬೆಳಿಗ್ಗೆ ಅವರೇ ಟೆಂಪೊ ತುಂಬ ಕುಕ್ಕರ್ ಹೇರಿಕೊಂಡು ಬಂದರು. ಹೂ ಮಾರುವ ದೇವೀರಮ್ಮನ ಜಗಲಿ ಮೇಲೆ ಒಂದನ್ನಿಟ್ಟು, "ಇದರ ಮೇಲೆ ಕೈಯಿಟ್ಟು ಆಣೆ ಮಾಡು, ನಿಮ್ಮನೆ ವೋಟೆಲ್ಲ ನನಗೇ ಅಂತ" ಎಂದರು. ಒಲ್ಲೆ ಅಂದರೆ ನಾಳೆಯಿಂದ ಮಾರ್ಕೆಟ್ಟಿನಲ್ಲಿ ಜಾಗ ಇರುವುದಿಲ್ಲ ಎಂದು ಪಕ್ಕದಲ್ಲಿದ್ದ ಬಂಟ ಸೇರಿಸಿದ.

ದೇವೀರಮ್ಮ ಸರ್ರನೆ ಹಿಂದೆ ಸರಿದಳು. "ಮುಟ್ಟಬೇಡಿ ಅಂತ ನಿನ್ನೆ ನೀವೇ ಹೇಳಿದ್ರಲ್ಲಣ್ಣ" ಎಂದವಳೇ ಪೊಲೀಸರಿಗೆ ಫೋನ್ ಮಾಡಿಯೇ ಬಿಟ್ಟಳು.

ಇವರು ಟೆಂಪೊ ತಿರುಗಿಸುವಷ್ಟರಲ್ಲಿ ಜೀಪು ಬಂತು. ಅದರ ಹಿಂದೆಯೇ ಚುನಾವಣಾ ಅಧಿಕಾರಿ ಕ್ಯಾಮೆರಾದವನ ಜೊತೆ ಬಂದಿಳಿದರು.

"ಯಾರೂ ಹತ್ತಿರ ಹೋಗಬೇಡಿ. ಟೆಂಪೊ ಸಮೇತ ಊರಾಚೆ ಒಯ್ದು ಸಿಡಿಸಿಬಿಡೋಣ" ಅಂದರು ಇನ್ಸ್‌ಪೆಕ್ಟರ್.

ಅಷ್ಟೂ ಮಾಲು ಹೊಗೆಯಾಗುವುದು ಮರಿಗಂಗಪ್ಪನವರ ಕಣ್ಣಿಗೆ ಕಟ್ಟಿತು. "ಬಾಂಬಲ್ಲ ಕಣ್ರೀ, ಬರೀ ಕುಕ್ಕರು."

"ನಂಬೋದು ಹೆಂಗಣ್ಣ?" ಬಾಗಿಲ ಮರೆಯಿಂದ ದೇವೀರಮ್ಮ ಕೇಳಿದಳು. "ಕೈಯಿಟ್ಟು ಆಣೆ ಮಾಡಿ."

ಮರಿಗಂಗಪ್ಪನವರು ಹಿಂದೆ ಮುಂದೆ ನೋಡದೆ ಕುಕ್ಕರ್ ಮೇಲೆ ಕೈಯಿಟ್ಟರು. "ದೇವರಾಣೆಗೂ ಇವೆಲ್ಲ ವೋಟಿಗೆ ಅಂತ ನಾನೇ ಹಂಚೋಕೆ ತಂದ ಕುಕ್ಕರು."

ಅಧಿಕಾರಿ ಕ್ಯಾಮೆರಾದವನ ಕಡೆ ತಿರುಗಿದರು. "ಸರಿಯಾಗಿ ಬಂತೇನಪ್ಪ?"

"ಅಬ್ಬ, ಈಗ ಭಯ ಹೋಯ್ತಣ್ಣ" ಎಂದು ದೇವೀರಮ್ಮ ಹೂ ಕಟ್ಟಲು ಕೂತಳು.