ಹೆಬ್ಬಾಗಿಲ ಆಚೆ ಬಿದ್ದವನು

ಚಂದಯ್ಯನೆಂಬ ಶಿಷ್ಯ ಗುರುಗಳ ಬಳಿ ಬಂದು ಕೇಳಿದ: “ನಾಳೆಯಿಂದ ವಿದ್ಯಾಪೀಠದ ಕಾವಲು ನನ್ನ ಪಾಲಿಗೆ ಬಂದಿದೆ. ನನ್ನ ಅಧಿಕಾರ ಎಲ್ಲಿಗೆ ಮುಗಿಯುತ್ತದೆ? ಕರ್ತವ್ಯ ಎಲ್ಲಿಗೆ ಮುಗಿಯುತ್ತದೆ?”

ಗುರುಗಳು ಹೇಳಿದರು:

ಬೇರೊಂದು ಊರಿನ ವಿದ್ಯಾಪೀಠದಲ್ಲಿ ಕೇತಯ್ಯನೆಂಬ ಕಾವಲುಗಾರನಿದ್ದ. ಅರಸನ ಕಟ್ಟಳೆ ಅವನಿಗೆ ಬಾಯಿಪಾಠವಾಗಿತ್ತು. ಗೋಡೆಯ ಒಳಗೆ ತಪ್ಪು ಮಾಡಿದವರನ್ನು ಅವನು ಹಿಡಿಯಬಹುದು, ಕಟ್ಟಿಹಾಕಬಹುದು. ಆಮೇಲೆ ಊರಿನ ತಳವಾರನಿಗೆ ಒಪ್ಪಿಸಬೇಕು. ಗೋಡೆಯ ಹೊರಗಿನ ಅಧಿಕಾರವೆಲ್ಲ ತಳವಾರನದು. ಕೇತಯ್ಯ ಕೆಟ್ಟವನಲ್ಲ. ಯಾರ ಮೇಲೂ ಸುಮ್ಮನೆ ಕೈಮಾಡಿದವನಲ್ಲ.

ಒಂದು ಮಧ್ಯಾಹ್ನ ಹೊರಬೀದಿಯಲ್ಲಿ ಗದ್ದಲವೆದ್ದಿತು. ಹರಿಷೇಣನೆಂಬ ವಿದ್ಯಾರ್ಥಿಯನ್ನು ಕಳ್ಳನೆಂದು ಜನ ಅಟ್ಟಿಸಿಕೊಂಡು ಬರುತ್ತಿದ್ದರು. ಅವನು ಕದ್ದಿರಲಿಲ್ಲ. ಹೆಬ್ಬಾಗಿಲಿನ ಮುಂದೆಯೇ ಎಡವಿ ಬಿದ್ದ. ಜನ ಮೇಲೆರಗಿದರು.

“ಅಣ್ಣಾ, ಒಳಗೆ ಎಳಕೊಳ್ಳಣ್ಣಾ!” ಎಂದು ಹರಿಷೇಣ ಕೈ ಚಾಚಿದ.

“ಒಳಗೆ ಬಂದುಬಿಡಪ್ಪಾ! ಬಂದರೆ ಯಾರೂ ನಿನ್ನನ್ನು ಮುಟ್ಟದ ಹಾಗೆ ನೋಡಿಕೊಳ್ಳುತ್ತೇನೆ!” ಎಂದು ಹೊಸ್ತಿಲ ಒಳಗೆ ನಿಂತಿದ್ದ ಕೇತಯ್ಯ ಕೂಗಿದ. ಕೂಗುತ್ತಲೇ ಇದ್ದ. ಹೊಸ್ತಿಲು ದಾಟಲಿಲ್ಲ.

ಹರಿಷೇಣ ಅಲ್ಲೇ ಸತ್ತ.

ಹೊಡೆದವರಲ್ಲಿ ಒಬ್ಬ ದಿಕ್ಕುತೋಚದೆ ಹೆಬ್ಬಾಗಿಲೊಳಗೆ ಓಡಿಬಂದ. ಕೇತಯ್ಯ ಅವನನ್ನು ಕೂಡಲೇ ಹಿಡಿದ. ಒಂದು ಏಟೂ ಹಾಕದೆ ಅವನ ಕೈಗಳನ್ನು ಕಟ್ಟಿ ತಳವಾರನಿಗೆ ಒಪ್ಪಿಸಿದ.

ಸಂಜೆ ಹರಿಷೇಣನ ತಾಯಿ ಬಂದಳು. ಅವಳು ಅಳಲಿಲ್ಲ, ಶಪಿಸಲಿಲ್ಲ. “ನಿನ್ನ ಕೈ ಅವನಿಗೆ ಎಟುಕುತ್ತಿತ್ತೇ?” ಎಂದಷ್ಟೇ ಕೇಳಿದಳು.

“ಎಟುಕುತ್ತಿತ್ತು ತಾಯಿ. ಅಧಿಕಾರ ಎಟುಕುತ್ತಿರಲಿಲ್ಲ.”

ಆ ಮಾತು ತನ್ನ ಬಾಯಿಂದಲೇ ಬಂದದ್ದನ್ನು ಕೇಳಿ ಕೇತಯ್ಯ ಬೆಚ್ಚಿಬಿದ್ದ. ತಾಯಿ ಅವನ ಕಡೆ ಮತ್ತೆ ನೋಡದೆ ಹೊರಟುಹೋದಳು.

ಅರಸನ ಸಭೆ ವಿಚಾರಣೆ ನಡೆಸಿತು. ಕಟ್ಟಳೆಯನ್ನು ಕೂದಲೆಳೆಯಷ್ಟೂ ಮೀರಲಿಲ್ಲವೆಂದು ಅವನನ್ನು ಹೊಗಳಿ, ಕಾವಲುಗಾರರ ಮುಖ್ಯಸ್ಥನನ್ನಾಗಿ ಮಾಡಿತು. ಕೇತಯ್ಯ ತನ್ನ ಕಾವಲಿನ ಕೋಲನ್ನು ಸಭೆಯ ನಡುವೆ ಇಟ್ಟು ಊರನ್ನೇ ಬಿಟ್ಟುಹೋದ.

ಗುರುಗಳು ಕತೆ ನಿಲ್ಲಿಸಿದರು. ಚಂದಯ್ಯನ ಮುಖ ಬಿಳಿಚಿಕೊಂಡಿತ್ತು.

“ಹೊಗಳಿದರೇ?” ಎಂದ. ಆಮೇಲೆ ತಡವರಿಸುತ್ತ, “ಆದರೂ ಗುರುಗಳೇ, ಹೊರಗೆ ಅವನಿಗೆ ಅಧಿಕಾರವಿರಲಿಲ್ಲವಲ್ಲ?” ಎಂದು ಕೇಳಿದ.

“ಹಿಡಿಯುವುದಕ್ಕೆ ಅಧಿಕಾರ ಬೇಕು ಚಂದಯ್ಯ, ಬಿದ್ದವನನ್ನು ಎತ್ತಿಕೊಳ್ಳುವುದಕ್ಕೆ ಯಾರ ಅಪ್ಪಣೆ ಬೇಕಿತ್ತು?”