ಗಂಟಿಲ್ಲದ ಸೆರಗು

"ಅಜ್ಜೀ, ನನ್ನ ಜೊತೆ ಮನೆ ಮಾಡಿಕೊಂಡಿರೋಳು ಬರೀ ಗೆಳತಿ ಅಲ್ಲ, ನನ್ನ ಬಾಳಿನವಳು. ಇದು ಗೊತ್ತಾದ ಮ್ಯಾಲೂ ಇಲ್ಲಿ ಕಸೂತಿ ಹಾಕೋ ಹೆಂಗಸರು ನನಗ ತಮ್ಮ ಚಾಪಿ ಮ್ಯಾಲ ಜಾಗ ಕೊಡ್ತಾರೇನು?"

ನನ್ನ ಹತ್ತಿರ ಕಸೂತಿ ಕಲಿಯುವ ಹುಡುಗಿ ಹೀಗೆ ಕೇಳಿದಳು. ಕೊಡುವುದಿಲ್ಲ ಎಂದರೆ ಆಗಲೇ ಎದ್ದು ಹೋಗುವವಳು. ದಾರದ ಚೀಲವನ್ನು ಕಟ್ಟಿ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ನಾನು ದನಿ ಇಳಿಸಿದೆ. "ಸಮೀಪ ಬಾ ತಂಗಿ. ಮೊದಲ ಆ ಕದ ಮುಂದಕ ಮಾಡು. ಒಬ್ಬಾಕಿ ಮರ್ಯಾದಿ ಮೂರಾಬಟ್ಟಿ ಆದ ಕತಿ ಹೇಳತೇನಿ. ನಿನ್ನ ಹೊಟ್ಟಿಯೊಳಗ ಇರಬೇಕು. ಆಣಿ ಮಾಡು." ಮಾಡಿದಳು.

ಒಂದು ಓಣಿಯಲ್ಲಿ ಏಳು ಹೆಂಗಸರು ಮಧ್ಯಾಹ್ನ ಒಂದೇ ಪಡಸಾಲೆಯಲ್ಲಿ ಕೂತು ಕಸೂತಿ ಹಾಕುತ್ತಿದ್ದರು. ಹೊಟ್ಟೆಪಾಡಿಗಲ್ಲ, ಆ ಕೆಲಸದ ಹುಚ್ಚಿಗೆ. ಅವರದು ಒಂದೇ ಕಟ್ಟಳೆ. ದಾರಕ್ಕೆ ಗಂಟು ಹಾಕುವಂತಿಲ್ಲ, ಬಟ್ಟೆಯ ಹಿಂಬದಿಯೂ ಮುಂಬದಿಯ ಹಾಗೆಯೇ ಕಾಣಬೇಕು. ಮುಗಿದ ಬಟ್ಟೆಯನ್ನು ತಿರುವಿ ನೋಡಿದ ಮೇಲೆಯೇ ಮಡಚುವುದು.

ಆ ಏಳು ಜನರಲ್ಲಿ ಒಬ್ಬಳು ಮುದುಕಿ. ಅವಳ ಕೈ ಬಟ್ಟೆಯ ಮೇಲಿದ್ದರೆ ಕಿವಿ ಊರ ಮೇಲೆ.

ಒಂದು ದಿನ ಗಡಿಯಾರ ರಿಪೇರಿಯವನೊಬ್ಬ ಬಂದು ಕಲಿಸುತ್ತೀರಾ ಎಂದ. ಸಣ್ಣ ಕೆಲಸಕ್ಕೆ ಪಳಗಿದ ಕೈ. ವರ್ಷ ತುಂಬುವುದರೊಳಗೆ ಕಲಿಸಿದವರನ್ನೇ ಮೀರಿಸಿದ. ಮುದುಕಿಗೆ ಅದು ಸೇರಲಿಲ್ಲ. ಹಾಲಿನವಳನ್ನು ಕೆದಕಿ ಕೆದಕಿ ಕೇಳಿ, ಅವನ ಮನೆಯಲ್ಲಿ ಒಬ್ಬ ಮಾಸ್ತರನೂ ಇದ್ದಾನೆ, ಇಬ್ಬರೂ ಗಂಡ ಹೆಂಡಿರ ಹಾಗೆ ಬಾಳುತ್ತಾರೆ ಎಂದು ತಿಳಿದುಕೊಂಡಳು. ಅಂದು ಅವಳಿಗೆ ಊಟವೂ ಬೇಕಾಗಲಿಲ್ಲ, ಅಷ್ಟು ಹೊಟ್ಟೆ ತುಂಬಿತ್ತು. ಉಳಿದ ಆರೂ ಮನೆಗೆ ಹೋಗಿ, ನಿನಗೊಬ್ಬಳಿಗೇ ಹೇಳುತ್ತಿದ್ದೇನೆ ಎಂದು ಆರು ಸಲ ಹೇಳಿದಳು. ಆರೂ ಜನ "ಹೂಂ" ಎಂದು ತಮ್ಮ ಕೆಲಸಕ್ಕೆ ತಿರುಗಿದರು. ಬೆಂಕಿ ಹತ್ತಲೇ ಇಲ್ಲ.

ಪಡಸಾಲೆಯ ಒಡತಿ, ಮುದುಕಿಯ ನೆರೆಮನೆಯ ನಿಂಬೆವ್ವ, ಮಗಳ ಮದುವೆಗೆ ವಾಡಿಕೆಯಂತೆ ಕಪ್ಪು ಸೀರೆ ತಂದಳು. ಎಲ್ಲರೂ ಒಂದೊಂದು ಭಾಗ ಹಂಚಿಕೊಂಡರು. ಸೆರಗು ಗಡಿಯಾರದವನಿಗೆ ಬಂತು. ಸೀರೆ ಮುಗಿದ ದಿನ ಮುದುಕಿ ಪಡಸಾಲೆಯ ನಡುವೆ ಎದ್ದು ನಿಂತಳು.

"ಮದುವಿ ಸೀರಿಗೆ ಇಂಥಾವನ ಕೈ ಏನ? ಅಂವ ಎಂಥಾ ಸಂಸಾರ ಮಾಡ್ಯಾನ ಅಂತ ನಾ ಬಾಯಿ ಬಿಟ್ಟು ಹೇಳಬೇಕೇನ? ಈ ಚಾಪಿ ಮ್ಯಾಲ ಅಂವ ಇರಬೇಕು, ಇಲ್ಲಾ ನಾ ಇರಬೇಕು!"

ಗಡಿಯಾರದವನು ಸೂಜಿಯನ್ನು ಡಬ್ಬಿಯಲ್ಲಿಟ್ಟು ಏಳಲು ಹೋದ. ನಿಂಬೆವ್ವ ಅವನ ಭುಜ ಹಿಡಿದು ಕೂರಿಸಿದಳು.

"ಕೂಡ್ರು ತಮ್ಮಾ. ಅಕ್ಕಾ, ಬಂದ ದಿನಾನ ಅಂವ ತನ್ನ ಸಂಸಾರ ಎಂಥಾದ್ದು ಅಂತ ನಮಗ ಹೇಳ್ಯಾನ. ನೀ ಅವತ್ತ ಯಾರದೋ ಮನಿ ಜಗಳ ಕೇಳಾಕ ಹೋಗಿದ್ದಿ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ನಿಂಬೆವ್ವ ಕಟ್ಟಳೆಯಂತೆ ಸೀರೆಯನ್ನು ತಿರುವಿ ಹಾಸಿದಳು. ಸೆರಗಿನ ಹಿಂಬದಿ ಯಾವುದು, ಮುಂಬದಿ ಯಾವುದು, ಒಬ್ಬರಿಗೂ ಹೇಳಲಾಗಲಿಲ್ಲ. ಒಳಅಂಚಿನ ಒಂದು ಮೂಲೆಯಲ್ಲಿ ಮಾತ್ರ ಗಂಟಿನ ಮೇಲೆ ಗಂಟು. ಅದು ಮುದುಕಿಯ ಪಾಲು. ಮಾತಿಗೆ ಓಡುವ ಅವಸರದಲ್ಲಿ ಹಾಕಿದ್ದು.

ಮದುವೆಯ ದಿನ ಗಡಿಯಾರದವನೂ ಮಾಸ್ತರನೂ ಜೋಡಿಯಾಗಿ ಮುಂದೆ ನಿಂತು ಅಕ್ಷತೆ ಹಾಕಿದರು. ಮದುಮಗಳು ಇಬ್ಬರ ಕಾಲಿಗೂ ನಮಸ್ಕಾರ ಮಾಡಿದಳು. ಬೀಗರ ಕಡೆಯವರು ಸೆರಗು ಹಿಡಿದು, ಇದು ಯಾರ ಕೈಕೆಲಸ ಎಂದು ಕೇಳಿದರು. ನಿಂಬೆವ್ವ ಚಪ್ಪರವೆಲ್ಲ ಕೇಳುವ ಹಾಗೆ ಅವನ ಹೆಸರು ಹೇಳಿದಳು.

ಹುಡುಗಿ ಚೀಲವನ್ನು ಮಡಿಲಿಂದ ಕೆಳಗಿಟ್ಟಳು. "ಮತ್ತ ಆ ಮುದುಕಿ? ಚಾಪಿ ಬಿಟ್ಟು ಹೋದಳೇನು?"

"ಎಲ್ಲಿ ಹೋಗ್ತಾಳ? ನಿನ್ನ ಮುಂದನ ಕುಂತಾಳ. ನಾ ನಿನಗ ಕಲಿಸೋ ಹೊಲಿಗಿ ಅಂವನ ಕಡಿಂದ ಕಲತದ್ದು."

ಸೀರೆ ತಿರುವಿ ನೋಡಿದ ದಿನ ಆ ಗಂಟಿನ ಮೂಲೆಯನ್ನು ನನ್ನ ಮಡಿಲಿಗೆ ಹಾಕಿ, ಎಲ್ಲರೆದುರು ನಿಂಬೆವ್ವ ನನ್ನ ಮುಖಕ್ಕೇ ಹೇಳಿದ ಮಾತನ್ನು ಹುಡುಗಿಗೆ ಹೇಳಿದೆ:

"ನಿನಗೂ ಜಾಗ ಐತಿ ಅಕ್ಕಾ, ಅಂವನ ಬಾಜೂಕ. ಗಂಟು ಬಿಚ್ಚಿಕೋತ ಕೂಡ್ರು."